ತುಂಗಕ್ಕನ ಬಾಯಿಗೆ ಅಂಟಿದ ಮೌನ

ಕೊಟ್ರಪ್ಪನಿಗೆ ಪಿತ್ತಕೋಶದ ನೋವು ಹತ್ತಿದ್ದು ಮೆಡಿಕಲ್ ಕಾಲೇಜಿನ ಕ್ಯಾಮೆರಾದ ಮುಂದೆ, ನಾನು ಬರೆದುಕೊಟ್ಟ ಮಾತನ್ನು ಹೇಳುತ್ತಿದ್ದಾಗ. ಡಾಕ್ಟರ್ ಪಂಪಾಪತಿ ಅವನ ಬಲ ಪಕ್ಕೆಲುಬಿನ ಕೆಳಗೆ ಬೆರಳೂರಿ, ಉಸಿರು ಎಳೆದುಕೋ ಎಂದರು. ಅರ್ಧ ಎಳೆದವನು ಅಲ್ಲೇ ನಿಂತುಬಿಟ್ಟ. "ಎಷ್ಟು ಚೆನ್ನಾಗಿ ಮಾಡ್ತಾನೆ ನೋಡಯ್ಯಾ" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ಕೊಟ್ರಪ್ಪ ಹಲ್ಲು ಕಚ್ಚಿಕೊಂಡು, "ಮಾಡ್ತಿಲ್ಲ ಸ್ವಾಮಿ, ಅಂಟ್ಕಂತು" ಎಂದ.

ನಮ್ಮ ಊರಲ್ಲಿ ನಟಿಸಿದ್ದು ಅಂಟಿಕೊಳ್ಳುತ್ತದೆ. ಅದು ಏನೆಂದು ಇನ್ನೊಬ್ಬರು ಕಂಡುಹಿಡಿದು ಹೇಳುವವರೆಗೆ ಬಿಡುವುದಿಲ್ಲ. ಮೊದಲೇ ಗೊತ್ತಿದ್ದವರು ಹೇಳಿದರೆ ನಡೆಯುವುದಿಲ್ಲ. ಕಿವಿಯಲ್ಲಿ ಹೇಳಿಸಿಕೊಂಡು ಬಂದವರು ಹೇಳಿದರೂ ನಡೆಯುವುದಿಲ್ಲ. ಹಾಗಾಗಿ ಇಲ್ಲಿನ ಮಕ್ಕಳು ಶಾಲೆ ತಪ್ಪಿಸಲು ಹೊಟ್ಟೆನೋವಿನ ನೆಪ ಹೂಡುವುದಿಲ್ಲ. ಸೊಸೆ ತವರಿಗೆ ಹೊರಟ ದಿನ ಎದೆ ಹಿಡಿದುಕೊಂಡು ಕೂರುವ ಅತ್ತೆಯಂದಿರು ಮಾತ್ರ ಒಬ್ಬಿಬ್ಬರು ಇದ್ದಾರೆ. ಸೊಸೆ ಚೀಲ ಕೆಳಗಿಟ್ಟು, "ಅತ್ತೆ, ಇದು ಎದೆನೋವಲ್ಲ, ನಾನು ಹೋಗೋದು ನಿಮಗೆ ಸೇರ್ತಿಲ್ಲ" ಎನ್ನುತ್ತಾಳೆ, ಅತ್ತೆ ಎದ್ದು ಕಾಫಿಗೆ ನೀರಿಡುತ್ತಾಳೆ. ನಾಟಕ ಕಂಪನಿಗಳು ನಮ್ಮಲ್ಲಿಗೆ ಬರುವುದನ್ನು ಯಾವಾಗಲೋ ಬಿಟ್ಟಿವೆ. ಕೊನೆಯ ಸಲ ಬಂದಾಗ ಭೀಮನ ಪಾತ್ರದವನು ನಾಟಕ ಮುಗಿದ ಮೇಲೂ ಭೀಮನಾಗಿಯೇ ಉಳಿದ. ಆಟ ನೋಡದ ಒಬ್ಬ ಗಿರಾಕಿಯನ್ನು ಹುಡುಕಿ ಕರೆತಂದು, ಇವನು ಯಾರು ಹೇಳು ಎಂದು ಕೇಳುವಷ್ಟರಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಇಡ್ಲಿ ಹಿಟ್ಟು ತಳ ಕಂಡಿತ್ತು.

ಇಂಥ ಊರಲ್ಲಿ ಮೆಡಿಕಲ್ ಕಾಲೇಜು ನಡೆಸುವವರಿಗೆ ಒಂದು ಲಾಭವಿದೆ ಎಂದು ಮೊದಲು ಹೊಳೆದದ್ದು ಪಂಪಾಪತಿಯವರಿಗೆ. ಆಸ್ಪತ್ರೆಯ ನಿಜವಾದ ರೋಗಿಗಳು ಬೇಸತ್ತಿದ್ದರು. ಒಂದು ಹೊಟ್ಟೆಯನ್ನು ತರಗತಿಯ ವಿದ್ಯಾರ್ಥಿಗಳೆಲ್ಲ ಸರದಿಯಲ್ಲಿ ಒತ್ತಿದರೆ ಇಲ್ಲದ ರೋಗವೂ ಬರುತ್ತದೆ. ರೋಗಿಯನ್ನು ಮಾತಾಡಿಸುವುದು, ನೋಡುವುದು, ಮುಟ್ಟುವುದು ಹೇಗೆ ಎಂಬುದನ್ನು ವಿಡಿಯೋ ಪಾಠಗಳಾಗಿ ಮಾಡಿ ಆನ್‌ಲೈನಿಗೆ ಹಾಕಿದರೆ ಬೇರೆ ಬೇರೆ ಊರಿನ ಹುಡುಗರೂ ನೋಡಿ ಕಲಿಯುತ್ತಾರೆ, ಕೆಳಗೆ ತಮ್ಮ ಉತ್ತರ ಬರೆಯುತ್ತಾರೆ. ನಮ್ಮವರು ನಟಿಸಿದರೆ ರೋಗ ನಿಜವಾಗಿಯೇ ಬರುತ್ತದೆ. ಸರಿಯಾದ ಉತ್ತರ ಬಂದ ಕೂಡಲೇ ಹೋಗುತ್ತದೆ. "ಬೇರೆ ಕಾಲೇಜಿನವರು ತಲೆಕೆಳಗಾಗಿ ನಿಂತರೂ ಈ ಭಾಗ್ಯ ಸಿಗಲ್ಲ" ಎಂದು ಡಾಕ್ಟರು ಸಭೆಯಲ್ಲಿ ಹೇಳಿದರು.

ರೋಗಿಗಳ ಮಾತು ಬರೆಯಲು, ಕ್ಯಾಮೆರಾ ಹಿಡಿಯಲು, ಆಮೇಲೆ ಕತ್ತರಿಸಿ ಜೋಡಿಸಲು ಒಬ್ಬ ಬೇಕಿತ್ತು. ನಾನು ಕನ್ನಡ ಎಂ.ಎ. ಮುಗಿಸಿ ಮನೆಯ ಕಿಟಕಿಯ ಪಕ್ಕ ಕೂತು ಮೌನದ ಬಗ್ಗೆ ಯೋಚಿಸುತ್ತಿದ್ದೆ. ಮಾತಿಗಿಂತ ಮಾತು ನಿಂತ ಜಾಗದಲ್ಲಿ ಹೆಚ್ಚು ಅರ್ಥವಿದೆ ಎಂಬುದು ನನ್ನ ನಂಬಿಕೆ. ಸಂದರ್ಶನದಲ್ಲಿ ಡಾಕ್ಟರು ಕೇಳಿದ ಯಾವ ಪ್ರಶ್ನೆಗೂ ನಾನು ತಕ್ಷಣ ಉತ್ತರ ಕೊಡಲಿಲ್ಲ. ಗಂಭೀರ ಮನುಷ್ಯ ಎಂದುಕೊಂಡು ಕೆಲಸ ಕೊಟ್ಟರು.

ಕೊಟ್ರಪ್ಪ ನಮ್ಮ ಮೊದಲ ರೋಗಿ. ಕಸುಬಿನಲ್ಲಿ ಕ್ಷೌರಿಕ. ವಿಡಿಯೋ ಹಾಕಿದ ಮೇಲೆ ಹುಡುಗರು ಅದನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡಿದರು. ಒಬ್ಬ ಗ್ಯಾಸ್ ಎಂದು ಬರೆದ. ಇನ್ನೊಬ್ಬ ಹೃದಯಾಘಾತ ಎಂದು ಬರೆದು ಪಕ್ಕದಲ್ಲಿ ಕೈಮುಗಿಯುವ ಚಿತ್ರ ಹಾಕಿದ. ಕೊಟ್ರಪ್ಪ ಎಡಗೈಯಿಂದ ಪಕ್ಕೆ ಹಿಡಿದುಕೊಂಡೇ ಗಡ್ಡ ಕೆರೆಯುತ್ತಿದ್ದ. "ಓದಿ ಓದಿ ಇಷ್ಟೇನಾ ಇವ್ರು? ನಾಳೆ ಇವ್ರ ಕೈಗೆ ನಾವು ಸಿಗ್ಬೇಕಲ್ಲಪ್ಪಾ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ನಾನೇ ಅವನ ಕುರ್ಚಿಯಲ್ಲಿ ಸೋಪಿನ ನೊರೆ ಬಳಿದುಕೊಂಡು ಕೂತಿದ್ದೆ. ಕತ್ತಿ ಗಂಟಲ ಹತ್ತಿರ ಇದ್ದಾಗ ಕೊಟ್ರಪ್ಪ ತಟ್ಟನೆ ನೆಟ್ಟಗೆ ನಿಂತ, ಪಕ್ಕೆ ಮುಟ್ಟಿ ನೋಡಿಕೊಂಡ, ದೀರ್ಘವಾಗಿ ಉಸಿರೆಳೆದ. "ಯಾರೋ ಪುಣ್ಯಾತ್ಮ ಬರೆದ" ಎಂದ. ಮಧ್ಯಾಹ್ನ ತೆರೆದು ನೋಡಿದರೆ ಪಿತ್ತಕೋಶದ ಕಲ್ಲು ಎಂದು ಯಾವುದೋ ಊರಿನ ಹುಡುಗಿ ಬರೆದಿದ್ದಳು.

ಆಮೇಲೆ ಊರಿನವರಿಗೆ ಧೈರ್ಯ ಬಂತು. ಅಂಚೆ ಹಂಚುವವನಿಗೆ ಕಾಮಾಲೆ ಬಂತು. ತರಕಾರಿ ಮಾರುವವಳು ಉಬ್ಬಸ ತಂದುಕೊಂಡು, ಉಸಿರು ಸಾಲದೆ ಬೆಂಡೆಕಾಯಿ ಬೆಲೆಯನ್ನು ಕೈಸನ್ನೆಯಲ್ಲಿ ಹೇಳಿದಳು. ಚೌಕಾಸಿ ಮಾಡಲಾಗದೆ ಜನ ಕೇಳಿದ್ದಷ್ಟು ಕೊಟ್ಟುಹೋದರು, ವಾಸಿಯಾದಾಗ ಅವಳಿಗೇ ಸ್ವಲ್ಪ ಬೇಜಾರಾಯಿತು. ಡಾಕ್ಟರು ಪ್ರತಿ ಪಾಠದ ಮೊದಲು ಕ್ಯಾಮೆರಾ ನೋಡಿ ಒಂದೇ ಮಾತು ಹೇಳುತ್ತಿದ್ದರು: "ಮೊದಲು ಕಣ್ಣು, ಆಮೇಲೆ ಕೈ. ರೋಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿ. ನೋಡದೆ ಮುಟ್ಟುವವನು ಡಾಕ್ಟರಲ್ಲ, ಜೇಬುಗಳ್ಳ." ಇನ್ನೊಂದು ಪಟ್ಟೂ ಅವರಿಗಿತ್ತು. ರೋಗಿಗೂ ತಮಗೂ ನಡುವೆ ಮೇಜು ಇರಕೂಡದು. ಮೇಜಿನ ಹಿಂದೆ ಕೂತರೆ ರೋಗಿ ಬಾಯಿ ಬಿಡುವುದಿಲ್ಲ ಎಂದು ಮೇಜನ್ನು ಗೋಡೆಗೆ ತಳ್ಳಿಸಿ, ರೋಗಿಯ ಎದುರು ಬರೀ ಕುರ್ಚಿಯಲ್ಲಿ ಕಾಲು ಅಗಲಿಸಿ ಆರಾಮಾಗಿ ಕೂರುತ್ತಿದ್ದರು.

ರೋಗಿಯ ಮೌನವನ್ನು ಗುರುತಿಸುವುದು ಹೇಗೆ ಎಂಬ ಪಾಠ ಮಾಡೋಣ ಎಂದು ಸೂಚಿಸಿದವನು ನಾನು. ರೋಗಿ ಎಲ್ಲ ಹೇಳಿ ಮುಗಿಸಿದ ಮೇಲೆ ಡಾಕ್ಟರು "ಮತ್ತೇನಾದರೂ ಇದೆಯಾ?" ಎಂದು ಕೇಳಬೇಕು. ಆ ಪ್ರಶ್ನೆಯ ನಂತರ ರೋಗಿ ಸುಮ್ಮನಾಗುತ್ತಾನಲ್ಲ, ರೋಗ ಇರುವುದು ಅಲ್ಲಿ. ಇದನ್ನು ಹೇಳುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಡಾಕ್ಟರು, "ಆಯ್ತು ಬರಿ, ಉದ್ದ ಮಾಡಬೇಡ" ಎಂದರು.

ಆ ಪಾತ್ರಕ್ಕೆ ತುಂಗಕ್ಕ ಒಪ್ಪಿದಳು. ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಎಲ್ಲಿಗೆ ಹೊರಟಿದೆ, ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಕೂಗುವವಳು ಅವಳು. ಧೂಳು ಹಿಡಿದು ಮಬ್ಬಾದ ಗಾಜಿನ ಗೂಡಿನಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಎಂದಳೆಂದರೆ ಮಲಗಿದ ನಾಯಿಯೂ ಕಿವಿ ನಿಮಿರಿಸುತ್ತಿತ್ತು. ಊರಿನ ಮಕ್ಕಳು ಅಮ್ಮ ಎನ್ನುವ ಮೊದಲು ಆ ಮಾತು ಕಲಿಯುತ್ತಿದ್ದರು. "ಇಷ್ಟು ವರ್ಷ ಜನಕ್ಕೆ ನನ್ನ ಗಂಟಲು ಗೊತ್ತು, ಮಖ ಗೊತ್ತಿಲ್ಲ. ಸಂತೇಲಿ ಬಾಯಿ ಬಿಟ್ಟಾಗ್ಲೇ ಓಹೋ ನೀವಾ ಅಂತಾರೆ. ಒಂದು ಸಲ ಮಖಾನೂ ನೋಡ್ಲಿ ಬಿಡು" ಎಂದು ಒಳ್ಳೆಯ ಸೀರೆ ಉಟ್ಟು ಬಂದಳು.

ಅವಳಿಗೆ ತಲೆನೋವು ಬರೆದಿದ್ದೆ. ಕೊನೆಗೆ, ಡಾಕ್ಟರು ಮತ್ತೇನಾದರೂ ಇದೆಯಾ ಎಂದಾಗ, "ಸುಮ್ಮನಿರುತ್ತಾಳೆ" ಎಂದಷ್ಟೇ ಬರೆದಿದ್ದೆ. ತುಂಗಕ್ಕ ಹಾಳೆಯನ್ನು ದೂರ ಹಿಡಿದು ಓದಿ, "ಯಾಕೆ ಸುಮ್ಮನಿರ್ತೀನಿ? ಏನು ಮುಚ್ಚಿಡ್ತೀನಿ?" ಎಂದಳು.

"ಅದು ನಿಮಗೆ ಬಿಟ್ಟದ್ದು ಅಕ್ಕ. ಮೌನಕ್ಕೆ ಒಂದೇ ಅರ್ಥ ಅಂತ ಇರಲ್ಲ."

"ಅರ್ಥ ಇಲ್ದೆ ಸುಮ್ಮನಿರಾಕೆ ನಾನೇನು ಕಂಬವಾ? ಏನಾರ ಒಂದು ಇರ್ಬೇಕಲ್ಲ ಹೊಟ್ಟೇಲಿ."

"ಆ ಹೊತ್ತಿಗೆ ಏನು ಬರುತ್ತೋ ಅದು" ಎಂದೆ. ಹೇಳುವಾಗ ಕಿಟಕಿಯ ಆಚೆ ನೋಡಿದೆ ಎಂದು ನೆನಪು.

ಡಾಕ್ಟರು ಬಂದು ಕೂತರು. ನಾನು ಕ್ಯಾಮೆರಾ ಪಕ್ಕದ ಚಿಕ್ಕ ತೆರೆಯಲ್ಲಿ ತುಂಗಕ್ಕನ ಮುಖವನ್ನೇ ನೋಡುತ್ತಿದ್ದೆ. ತಲೆನೋವಿನ ಮಾತು ಮುಗಿಯಿತು. ಡಾಕ್ಟರು ಹಿಂದಕ್ಕೆ ಒರಗಿ, "ಮತ್ತೇನಾದರೂ ಇದೆಯಾ ತಾಯಿ?" ಎಂದರು. ತುಂಗಕ್ಕ ಬಾಯಿ ತೆರೆದಳು. ಅವಳ ಕಣ್ಣು ಕೆಳಗಿಳಿಯಿತು, ಗಾಬರಿಯಿಂದ ಮೇಲೆ ಹಾರಿ ಸೂರಿಗೆ ಹೋಯಿತು, ತುಟಿ ಬಿಗಿಯಿತು, ಗದ್ದ ನಡುಗಿತು. ಕೊನೆಗೆ ಕಣ್ಣಂಚಿನಲ್ಲಿ ನೀರು ತುಂಬಿತು. ನನ್ನ ಮೈ ಜುಂ ಎಂದಿತು. ಜಗತ್ತಿನ ಎಲ್ಲ ಹೆಂಗಸರು ಹೇಳದೇ ಉಳಿಸಿಕೊಂಡದ್ದು ಆ ಮುಖದಲ್ಲಿತ್ತು. ಮನೆಗೆ ಹೋಗಿ ಆ ಭಾಗವನ್ನು ಕತ್ತರಿಸಿ ದೊಡ್ಡದು ಮಾಡಿದೆ. ಡಾಕ್ಟರೂ ಬೇಡ, ಕುರ್ಚಿಯೂ ಬೇಡ, ಬರೀ ಮುಖ. ಮುಖ ನೋಡಲಿ ಎಂದು ಅವಳೇ ಹೇಳಿದ್ದಳಲ್ಲ.

ತಲೆನೋವು ಆ ಸಂಜೆಯೇ ಹೋಯಿತು. ನಿದ್ದೆಗೇಡು, ಕನ್ನಡಕದ ನಂಬರು ಬದಲಾಗಿದೆ ಎಂದು ಹುಡುಗರು ಸುಲಭವಾಗಿ ಬರೆದರು. ಮೌನ ಹೋಗಲಿಲ್ಲ. ಮರುದಿನ ಬೆಳಿಗ್ಗೆ ತುಂಗಕ್ಕ ಗೂಡಿನಲ್ಲಿ ಕೂತು ಸ್ವಿಚ್ ಒತ್ತಿ ಬಾಯಿ ತೆರೆದಳು. ಏನೂ ಬರಲಿಲ್ಲ. ಊರಿನ ಬಸ್ಸುಗಳೆಲ್ಲ ಅವಳಿಗಾಗಿ ಕಾದು ನಿಂತವು.

ಏನು ಮುಚ್ಚಿಟ್ಟಿದ್ದಾಳೆ ಎಂದು ಬರೆದುಕೊಡುವಂತೆ ಅವಳನ್ನು ಯಾರೂ ಕೇಳುವ ಹಾಗಿರಲಿಲ್ಲ. ಓದಿದವನ ಉತ್ತರ ಕೆಟ್ಟುಹೋಗುತ್ತದೆ. ಕಂಡುಹಿಡಿಯಬೇಕು, ಅಷ್ಟೇ. ಪಂಪಾಪತಿ ನನ್ನನ್ನು ಕರೆದು, "ಸರಿ ಉತ್ತರ ಏನು ಅಂತ ನೀನು ಬರೆದಿಟ್ಟಿದ್ದೀಯಲ್ಲ, ಅದನ್ನ ಹಿಡಿದು ಹುಡುಗರಿಗೆ ಒಂಚೂರು ಸುಳಿವು ಕೊಡು" ಎಂದರು.

"ಉತ್ತರ ಇಲ್ಲ ಸಾರ್" ಎಂದೆ.

"ಅಂದ್ರೆ?"

"ಅದು ಮುಕ್ತವಾದ ಮೌನ."

ಡಾಕ್ಟರು ಬಹಳ ಹೊತ್ತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಅಲ್ಲಯ್ಯಾ, ಉತ್ತರವೇ ಇಲ್ಲದ ಪ್ರಶ್ನೆಯನ್ನ ಒಬ್ಬ ಹೆಂಗಸಿನ ಬಾಯಿಗೆ ಜಡಿದುಬಿಟ್ಟೆಯಲ್ಲ. ನಿನಗಿಂತ ಆ ಕೊಟ್ರಪ್ಪ ವಾಸಿ. ಅವನ ಕತ್ತಿಗಾದರೂ ಎಲ್ಲಿ ನಿಲ್ಲಬೇಕು ಅಂತ ಗೊತ್ತು."

ಹುಡುಗರು ಬರೆಯುತ್ತಲೇ ಇದ್ದರು. ಥೈರಾಯ್ಡ್, ಖಿನ್ನತೆ, ಗಂಟಲಲ್ಲಿ ಗಡ್ಡೆ. ಗಂಡ ಹೊಡೆಯುತ್ತಾನೆ ಎಂದು ಬಹಳ ಜನ ಬರೆದರು. ಅವಳ ಗಂಡ ಪಾಪ, ಎರಡು ಹೊತ್ತು ಅಡಿಗೆ ಮಾಡುವ ಮನುಷ್ಯ. ತರಕಾರಿ ತರಲು ಹೋದರೆ ಹೆಂಗಸರು ಅವನ ಕಡೆ ಬೇರೆ ಥರ ನೋಡತೊಡಗಿದರು. ಒಬ್ಬ ಮಾತ್ರ ದಿನವೂ ತಪ್ಪದೆ "ಆಡಿಯೋ ಸಮಸ್ಯೆ, ಮೈಕ್ ಬದಲಿಸಿ" ಎಂದು ಬರೆಯುತ್ತಿದ್ದ. ಊರಿನವರೂ ಸುಮ್ಮನೆ ಕೂರಲಿಲ್ಲ. ಟಿಕೆಟ್ ತೆಗೆಯಲು ಬಂದವರೆಲ್ಲ ಗಾಜಿಗೆ ಮೂಗೊತ್ತಿ ಒಂದೊಂದು ಊಹೆ ಎಸೆದು ಹೋಗುತ್ತಿದ್ದರು. "ತುಂಗಕ್ಕಾ, ನಾಣ್ಯ ನುಂಗಿದ್ಯಾ?" "ತುಂಗಕ್ಕಾ, ಚೀಟಿ ದುಡ್ಡು ಎತ್ಕಂಡು ಗಂಡಂಗೆ ಹೇಳಿಲ್ವಾ?" ಅವಳು ಅಲ್ಲವೆಂದು ತಲೆಯಾಡಿಸಿ ಕೈಯಲ್ಲಿ ಹೊಡೆಯುವ ಸನ್ನೆ ಮಾಡುತ್ತಿದ್ದಳು.

ಕೆಲಸ ನಿಲ್ಲಬಾರದೆಂದು ಅವಳೇ ಒಂದು ದಾರಿ ಮಾಡಿಕೊಂಡಿದ್ದಳು. ಮೈಕನ್ನು ಬೆಳಗಿನಿಂದ ಸಂಜೆಯವರೆಗೆ ಹಾಕಿಯೇ ಇಟ್ಟು, ಸ್ಟೀಲಿನ ಲೋಟಕ್ಕೆ ಚಮಚದಿಂದ ಬಡಿಯುವುದು. ಒಂದು ಏಟು ಪೂರ್ವದ ಬಸ್ಸು, ಎರಡು ಏಟು ಪಶ್ಚಿಮದ್ದು, ಗಲಗಲ ಆಡಿಸಿದರೆ ರದ್ದು. ಪಕ್ಕದ ಹೋಟೆಲಿನವನು ಚಹಾಕ್ಕೆ ಸಕ್ಕರೆ ಕಲಕಿದಾಗಲೆಲ್ಲ ಜನ ಗಂಟು ಎತ್ತಿಕೊಂಡು ಓಡುತ್ತಿದ್ದರು. ಮದುವೆಗೆ ಹೊರಟ ಒಂದು ದಿಬ್ಬಣ ಬೇರೆ ಬಸ್ಸು ಹತ್ತಿ ಬೇರೆ ಊರಿನ ಛತ್ರದಲ್ಲಿ ಊಟ ಮಾಡಿಕೊಂಡು ಬಂತು. ಊಟ ಚೆನ್ನಾಗಿತ್ತಂತೆ.

ಡಿಪೋ ಮ್ಯಾನೇಜರ್ ಸುಬಾನ್ ಸಾಹೇಬರು ಕೆಟ್ಟವರಲ್ಲ. ಆದರೂ ಎಷ್ಟು ದಿನ ಎಂದು ಅವರೂ ತಡೆದಾರು. ಎಲ್ಲ ಬಸ್ಸುಗಳ ಹೆಸರನ್ನೂ ಮೊದಲೇ ತುಂಬಿಸಿಟ್ಟ ಒಂದು ಯಂತ್ರ ಬರುತ್ತದೆ, ತಿಂಗಳ ಕೊನೆಗೆ ಅದನ್ನು ಗೂಡಿನಲ್ಲಿ ಕೂರಿಸುತ್ತೇವೆ, ಅಷ್ಟರೊಳಗೆ ಮಾತು ಬಂದರೆ ಸರಿ, ಇಲ್ಲವಾದರೆ ತುಂಗಕ್ಕನನ್ನು ಲಗೇಜು ತೂಗುವ ಕಡೆ ಹಾಕುತ್ತೇವೆ ಎಂದರು. ಅವತ್ತು ಸಂಜೆ ನಾನು ಗೂಡಿನ ಬಾಗಿಲಲ್ಲಿ ನಿಂತಿದ್ದೆ. ತುಂಗಕ್ಕ ಖಾಲಿ ಲೋಟದೊಳಕ್ಕೆ ಬಾಯಿಟ್ಟು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು. ಪ್ರಯಾಣಿಕರ ಗಮನಕ್ಕೆ. ಪ್ರಯಾಣಿಕರ ಗಮನಕ್ಕೆ. ನನ್ನನ್ನು ಕಂಡು ಲೋಟ ಕೆಳಗಿಟ್ಟಳು. ಮೌನದಲ್ಲಿ ಅರ್ಥವಿದೆ ಎಂದು ನಾನು ಅಲ್ಲಿಯವರೆಗೆ ಎಷ್ಟು ಸಲ ಬರೆದಿದ್ದೆನೋ, ಅವತ್ತು ಅದನ್ನು ಅವಳ ಎದುರು ಹೇಳುವ ಧೈರ್ಯ ಬರಲಿಲ್ಲ.

ಉತ್ತರ ಗೊತ್ತಿಲ್ಲದ ಕಾರಣ ಕಂಡುಹಿಡಿಯುವ ಹಕ್ಕು ನನಗೂ ಇತ್ತು. ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಕೊಂಡು ಕೂತೆ. ಮುಖ, ಕಣ್ಣು, ತುಟಿ, ನಡುಗುವ ಗದ್ದ. ಬಾಲ್ಯದ ದುಃಖ ಎಂದೆ, ಸತ್ತ ತಾಯಿ ಎಂದೆ, ಕೈಬಿಟ್ಟ ಗೆಳತಿ ಎಂದೆ. ಪ್ರತಿ ಸಲ ಅವಳ ಕೆಲಸ ಮುಗಿದ ಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಮೆಲ್ಲಗೆ ಹೇಳುತ್ತಿದ್ದೆ. ತುಂಗಕ್ಕ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಪಂಪಾಪತಿಯವರೂ ದಿನಾ ಬಂದು ಟಾರ್ಚು ಬಿಟ್ಟು ಅವಳ ಗಂಟಲು ನೋಡುತ್ತಿದ್ದರು. ಅವರು ಬಂದಾಗಲೆಲ್ಲ ಅವಳು ಮುಖ ತಿರುಗಿಸಿ ಸೂರು ನೋಡುವುದನ್ನು ಕಂಡು, ಡಾಕ್ಟರ ಮೇಲೆ ಯಾವುದೋ ಆಳವಾದ ನೋವಿದೆ ಎಂದು ನಾನು ತೀರ್ಮಾನಿಸಿದ್ದೆ.

ಯಂತ್ರ ಬರುವ ದಿನ ಬೆಳಿಗ್ಗೆ ವಿಡಿಯೋದ ಕೆಳಗೆ ಒಬ್ಬ ಹೊಸಬ ಬರೆದಿದ್ದ. ಹೆಸರಿನ ಜಾಗದಲ್ಲಿ ಕೊನೆಯ ಬೆಂಚು ಎಂದಿತ್ತು. "ಉತ್ತರ ಗೊತ್ತಿಲ್ಲ ಸರ್. ಆದರೆ ತಲೆಯಿಂದ ಕಾಲಿನವರೆಗೆ ನೋಡಿ ಅಂತ ಹೇಳಿ ನೀವು ಬರೀ ತಲೆ ತೋರಿಸಿದ್ದೀರಿ. ಆ ಅಮ್ಮ ಏನನ್ನೋ ನೋಡ್ತಿದಾರೆ. ಅವರನ್ನ ಆಮೇಲೆ ತೋರಿಸಿ, ಮೊದಲು ಅವರು ನೋಡ್ತಿರೋದನ್ನ ತೋರಿಸಿ."

ಕತ್ತರಿಸುವ ಮೊದಲಿನ ಚಿತ್ರವನ್ನು ಹುಡುಕಿ ತೆರೆದೆ. ಎಡಗಡೆ ತುಂಗಕ್ಕ, ಬಲಗಡೆ ಡಾಕ್ಟರು, ನಡುವೆ ಮೇಜಿಲ್ಲ. ಡಾಕ್ಟರು ಹಿಂದಕ್ಕೆ ಒರಗಿ, ಮತ್ತೇನಾದರೂ ಇದೆಯಾ ತಾಯಿ ಎನ್ನುತ್ತಾರೆ. ತುಂಗಕ್ಕನ ಕಣ್ಣು ಇಳಿದ ಜಾಗಕ್ಕೆ ನನ್ನ ಕಣ್ಣೂ ಇಳಿಯಿತು. ಡಾಕ್ಟರ ಪ್ಯಾಂಟಿನ ಜಿಪ್ಪು ಪೂರ್ತಿ ತೆರೆದಿತ್ತು. ಅದರೊಳಗಿಂದ ಬಿಳಿ ಅಂಗಿಯ ತುದಿ ಸಣ್ಣ ಬಾವುಟದ ಹಾಗೆ ಹೊರಗೆ ಬಂದಿತ್ತು.

ಜಗತ್ತಿನ ಎಲ್ಲ ಹೆಂಗಸರು ಹೇಳದೇ ಉಳಿಸಿಕೊಂಡದ್ದು ಅದು. ಗದ್ದ ನಡುಗಿದ್ದು ನಗುವಿಗೆ. ಕಣ್ಣೀರು ಬಂದದ್ದು ನಗು ತಡೆದುದಕ್ಕೆ. ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಹೆಚ್ಚು ಯೋಚಿಸಿದಷ್ಟೂ ಅದು ಸಣ್ಣದೆಂದು ಅನಿಸದೆ ಹೋಯಿತು. ದೊಡ್ಡ ಡಾಕ್ಟರು ಎದುರು ಕೂತು ಏನಿದ್ದರೂ ಹೇಳು ಎನ್ನುತ್ತಾರೆ, ಕಣ್ಣ ಮುಂದೆಯೇ ಇದೆ, ಹೇಳುವುದು ಹೇಗೆ?

ಅಲ್ಲೇ ಕೆಳಗೆ ಉತ್ತರ ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಊರೂರಿನ ವಿದ್ಯಾರ್ಥಿಗಳು ಓದುತ್ತಾರೆ. ನಲವತ್ತು ವರ್ಷ ಪಾಠ ಹೇಳಿದ ಮನುಷ್ಯ. ಅವರ ಮಾನ ಉಳಿಯಲಿ, ತುಂಗಕ್ಕನ ಕಿವಿಯಲ್ಲಿ ಒಂದು ಮಾತು ಹೇಳಿಬಂದರೆ ಸಾಕು ಎಂದು ಬಸ್ ಸ್ಟ್ಯಾಂಡಿಗೆ ಓಡಿದೆ.

ಗೂಡಿನಲ್ಲಿ ಜಾಗವೇ ಇರಲಿಲ್ಲ. ಸುಬಾನ್ ಸಾಹೇಬರು ಯಂತ್ರದ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದರು. ಪಂಪಾಪತಿ ಕೊನೆಯ ಸಲ ಟಾರ್ಚು ಬಿಡುತ್ತಿದ್ದರು. ತುಂಗಕ್ಕ ಮೈಕನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು, ಬಿಟ್ಟರೆ ಕಿತ್ತುಕೊಳ್ಳುತ್ತಾರೆ ಎಂಬಂತೆ. "ಅಕ್ಕನ ಹತ್ತಿರ ಒಂದು ಮಾತಿದೆ" ಎಂದೆ.

"ನನ್ನ ಮುಂದೆಯೇ ಹೇಳಯ್ಯಾ. ರೋಗಿ ವಿಷಯ ಡಾಕ್ಟರಿಂದ ಮುಚ್ಚಿಡೋದೇನು?" ಎಂದರು ಪಂಪಾಪತಿ.

"ಕಿವೀಲೇ ಹೇಳಬೇಕು ಸಾರ್."

"ಈ ಮುಖಕ್ಕೆ ಇನ್ನೊಂದು ರಹಸ್ಯ ಬೇರೆ" ಎಂದು ಅವರು ಅರ್ಧ ಹೆಜ್ಜೆ ಸರಿದರು. ನಾನು ಬಗ್ಗಿ, ತುಂಗಕ್ಕನ ಕಿವಿಗೆ ಬಾಯಿ ಹತ್ತಿರ ತಂದು, ಆದಷ್ಟು ಮೆಲ್ಲಗೆ ಹೇಳಿದೆ: "ಡಾಕ್ಟರ ಪ್ಯಾಂಟಿನ ಜಿಪ್ಪು ತೆರೆದಿತ್ತು."

ಬೆಳಗಿನಿಂದ ಸಂಜೆಯವರೆಗೆ ಹಾಕಿಯೇ ಇರುವ ಮೈಕು ತುಂಗಕ್ಕನ ಗದ್ದದ ಕೆಳಗಿತ್ತು. ನನ್ನ ಪಿಸುಮಾತು ಕಂಬಕಂಬದ ಮೇಲಿನ ಧ್ವನಿವರ್ಧಕಗಳಿಂದ ಹೊರಬಿದ್ದು, ಶೆಡ್ಡಿನ ತಗಡಿಗೆ ಬಡಿದು, ಬಸ್ಸುಗಳ ಮೇಲೆ ಹರಡಿತು. ಕಡಲೆಕಾಯಿ ಹುರಿಯುವವನ ಸೌಟು ನಿಂತಿತು. ಡ್ರೈವರುಗಳು ಒಬ್ಬೊಬ್ಬರಾಗಿ ಇಂಜಿನ್ ಆರಿಸಿದರು. ನಾನು ಹುಟ್ಟಿದ ಮೇಲೆ ಅಷ್ಟು ದೊಡ್ಡ ಮೌನವನ್ನು ಕೇಳಿರಲಿಲ್ಲ. ಆ ಮೌನದಲ್ಲಿ ಬಸ್ ಸ್ಟ್ಯಾಂಡಿನ ಗಂಡಸರೆಲ್ಲ, ಕಂಡಕ್ಟರುಗಳು, ಬಸ್ಸಿಗೆ ಕಾದಿದ್ದ ಒಬ್ಬ ಮದುವೆಯ ಗಂಡು, ಪಂಚೆ ಉಟ್ಟ ಮುದುಕರು ಕೂಡ, ತಲೆ ಬಗ್ಗಿಸಿ ತಮ್ಮನ್ನು ತಾವು ನೋಡಿಕೊಂಡರು. ಗಾಜಿನ ಒಳಗೆ ಪಂಪಾಪತಿಯವರೂ ನೋಡಿಕೊಂಡರು. ಅವತ್ತೂ ತೆರೆದೇ ಇತ್ತು.

ಮೊದಲು ಒಂದು ಗೊರಗೊರ ಸದ್ದು, ತುಕ್ಕು ಹಿಡಿದ ನಲ್ಲಿಯಿಂದ ನೀರು ಬರುವ ಹಾಗೆ. ಆಮೇಲೆ ತುಂಗಕ್ಕ ನಕ್ಕಳು. ತಿಂಗಳಿನಿಂದ ತಡೆದ ನಗು, ಮೈಕಿನೊಳಕ್ಕೆ, ಊರಿಗೆಲ್ಲ ಕೇಳುವ ಹಾಗೆ. ನಕ್ಕು ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಟಲು ಸರಿಮಾಡಿಕೊಂಡಳು. "ಪ್ರಯಾಣಿಕರ ಗಮನಕ್ಕೆ" ಎಂದಳು. ಮಲಗಿದ್ದ ನಾಯಿ ಎದ್ದು ನಿಂತಿತು. "ಡಾಕ್ಟ್ರೇ, ಮೊದ್ಲು ಅದ್ನ ಹಾಕ್ಕಳಿ. ಪೂರ್ವದ ಕಡೆ ಹೋಗೋ ಬಸ್ಸು ಎರಡನೇ ಕಂಬದ ಹತ್ರ ನಿಂತೈತೆ. ಯಾರೂ ಓಡ್ಬೇಡಿ, ಜಾಗ ಐತೆ."

ಕಂಡಕ್ಟರೊಬ್ಬ ಬಾಗಿಲಿಗೆ ಜೋತುಬಿದ್ದು, "ಪೋಸ್ಟಾಫೀಸು ಮುಚ್ಚಿ ಹತ್ರಪ್ಪಾ ಎಲ್ರೂ" ಎಂದು ಕೂಗಿದ. ಸುಬಾನ್ ಸಾಹೇಬರು ಒಂದು ಕೈಯಿಂದ ತಮ್ಮ ಪ್ಯಾಂಟು ಮುಟ್ಟಿ ನೋಡಿಕೊಂಡು, ಯಂತ್ರದ ಪೆಟ್ಟಿಗೆಯನ್ನು ಹಾಗೆಯೇ ಅವಚಿಕೊಂಡು ಹೊರಗೆ ನಡೆದರು.

ಪಂಪಾಪತಿ ನನ್ನ ಕಡೆ ಬೆನ್ನು ಮಾಡಿ ಜಿಪ್ಪು ಎಳೆದುಕೊಂಡರು. ಬಹಳ ಹೊತ್ತು ತಿರುಗಲಿಲ್ಲ. ಕೆಲಸ ಹೋಯಿತು ಎಂದುಕೊಂಡು ನಾನು ಕಾದೆ. ತಿರುಗಿದಾಗ ಅವರ ಕಿವಿ ಕೆಂಪಾಗಿತ್ತು. "ದಿನಾ ಬಂದು ಇವಳ ಗಂಟಲು ನೋಡ್ತಿದ್ದೆನಲ್ಲಯ್ಯಾ" ಎಂದರು. ಆಮೇಲೆ ಟಾರ್ಚನ್ನು ಜೇಬಿಗೆ ಹಾಕಿಕೊಳ್ಳುತ್ತಾ, "ಆ ವಿಡಿಯೋ ಕತ್ತರಿಸದೆ ಪೂರ್ತಿ ಹಾಕು. ನೋಡೋದು ಹೇಗೆ ಅಂತ ಹೇಳಿಕೊಡೋಕೆ ಅದಕ್ಕಿಂತ ಒಳ್ಳೆ ಪಾಠ ನನ್ನ ಹತ್ತಿರ ಇಲ್ಲ" ಎಂದು ಜನರ ನಡುವೆ ದಾರಿ ಮಾಡಿಕೊಂಡು ಹೊರಟರು. ಅವರು ಹೋದಷ್ಟು ದೂರವೂ ಜನ ನಮಸ್ಕಾರ ಮಾಡುತ್ತಿದ್ದರು, ಮಾಡುವ ಮುಂಚೆ ಒಂದು ಸಲ ಕೆಳಗೆ ನೋಡುತ್ತಿದ್ದರು.

ಅವತ್ತು ರಾತ್ರಿಯೊಳಗೆ ಪೂರ್ತಿ ವಿಡಿಯೋ ಹಾಕಿದೆ. ಉತ್ತರಗಳು ಬರತೊಡಗಿದವು. ಹತ್ತರಲ್ಲಿ ಒಂಬತ್ತು ಹುಡುಗರು ಇವತ್ತಿಗೂ ಥೈರಾಯ್ಡ್ ಎಂದೇ ಬರೆಯುತ್ತಾರೆ.